ಹಳೇ ಡಿಫೆಂಡರ್ ತಗೋಬೇಕು: 300ಟಿಡಿಐ ಇರೋದಾ, ಟಿಡಿ5 ಇರೋದಾ? ಎರಡರಲ್ಲೂ ಒಂದೊಂದು ಅನುಮಾನ

ಕೆಸರುಗಾಲಿ

ಎಲ್ರಿಗೂ ನಮಸ್ಕಾರ. ಆರು ತಿಂಗಳು ಹುಡುಕಿ ಕೊನೆಗೆ ಎರಡು ಲ್ಯಾಂಡ್ ರೋವರ್ ಡಿಫೆಂಡರ್ 110 ಹತ್ರ ಬಂದು ನಿಂತಿದೀನಿ. ಒಂದು 1997ರದ್ದು, 300ಟಿಡಿಐ ಇಂಜಿನ್. ಇನ್ನೊಂದು 2003ರದ್ದು, ಟಿಡಿ5. ಎರಡಕ್ಕೂ ಗೇರ್‌ಬಾಕ್ಸ್ ಒಂದೇ, ಆರ್380. ಎರಡರ ಚಾಸಿಯನ್ನೂ ಕೆಳಗೆ ಮಲಗಿ ಸುತ್ತಿಗೆಯಲ್ಲಿ ತಟ್ಟಿ ನೋಡಿದೆ, ಗಟ್ಟಿ ಇದೆ. ಉಳಿದಿರೋ ತಲೆನೋವು ಇಂಜಿನ್ನಿನದ್ದು ಮಾತ್ರ.

300ಟಿಡಿಐ: ನಾನು ಹೋಗೋ ಹೊತ್ತಿಗೆ ಬಾನೆಟ್ ಆಗಲೇ ಬಿಸಿ ಇತ್ತು. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು, ಹೊಗೆ ಇಲ್ಲ. ರೇಡಿಯೇಟರಿನ ಮೇಲಿನ ಹೋಸ್ ಮಾತ್ರ ಕಲ್ಲಿನ ಹಾಗಿತ್ತು. ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವ್ ತಾಳ ತಪ್ಪದ ಹಾಗೆ ತಿರುಗಿಸೋದು) ಯಾವಾಗ ಬದಲಿಸಿದ್ದು ಅಂತ ಕೇಳಿದ್ರೆ "ಹೋದ ಓನರ್ ಮಾಡಿಸಿದಾರೆ" ಅಂದ್ರು. ಚೀಟಿ ಇಲ್ಲ.

ಟಿಡಿ5: ಓಡಿಸೋಕೆ ಇದೇ ಚೆಂದ. ಆದ್ರೆ ಇಪ್ಪತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಎರಡು ಸಲ ಜರ್ಕ್ ಹೊಡೀತು, ಒಂದು ಸಲ ಪೂರ್ತಿ ಆಫ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಸ್ಟಾರ್ಟ್ ಆಯ್ತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮ್ಯಾಕ್ಸ್ ಗೆರೆಗಿಂತ ಮೇಲಿದೆ.

ನಾನು ಸ್ಪ್ಯಾನರ್ ಹಿಡೀತೀನಿ, ಹೆಡ್ ಇಳಿಸುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಯಾವುದು ತಗೊಳ್ಳಿ?

ಹೊಗೆಬಂಡಿ

ಯೋಚನೆ ಮಾಡೋಕೇನಿದೆ ಮಾರಾಯ್ರೆ? 300ಟಿಡಿಐ, ಕಣ್ಣು ಮುಚ್ಕೊಂಡು. ಡೀಸೆಲ್ ತಳ್ಳೋಕೆ ಬಾಷ್ ರೋಟರಿ ಪಂಪ್, ಅದರ ಮೇಲೆ ಡೀಸೆಲ್ ತೆರೆದು ಮುಚ್ಚೋಕೆ ಒಂದು ಸ್ಟಾಪ್ ಸೊಲೆನಾಯ್ಡ್, ಅದಕ್ಕೊಂದೇ ವೈರ್. ಆ ವೈರಿಗೆ 12 ವೋಲ್ಟ್ ಸಿಕ್ರೆ ಇಂಜಿನ್ ಓಡುತ್ತೆ, ಗಾಡಿಯಲ್ಲಿ ಬೇರೆಲ್ಲ ಕರೆಂಟ್ ಸತ್ರೂ ಚಿಂತೆಯಿಲ್ಲ. ನಂದು ಒಮ್ಮೆ ನಡುದಾರಿಯಲ್ಲಿ ಇಗ್ನಿಷನ್ ವೈರಿಂಗ್ ಸುಟ್ಟಾಗ ಬ್ಯಾಟರಿಯಿಂದ ನೇರ ಒಂದು ವೈರ್ ಎಳೆದು ಸೊಲೆನಾಯ್ಡಿಗೆ ಕಟ್ಟಿ, ಇಳಿಜಾರಲ್ಲಿ ಬಿಟ್ಟು ಸ್ಟಾರ್ಟ್ ಮಾಡಿ ಮನೆ ಸೇರಿದೀನಿ. ಆಫ್ ಮಾಡೋಕೆ ವೈರ್ ಕಿತ್ತೆ, ಅಷ್ಟೆ. ಟಿಡಿ5ನಲ್ಲಿ ಈ ಆಟ ಆಡಿ ನೋಡೋಣ.

ಲೋರೇಂಜ್

ಹೊಗೆಬಂಡಿ ಅಣ್ಣ ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ ಕತೆ. ಮೊದಲು ಒಂದು ತಿದ್ದುಪಡಿ: 300ಟಿಡಿಐ ಅಂದ್ರೆ ಎಲೆಕ್ಟ್ರಾನಿಕ್ಸೇ ಇಲ್ಲ ಅಂತಲ್ಲ. ಅದೇ ಕಂಪನಿಯ ಡಿಸ್ಕವರಿಯ ಆಟೋಮ್ಯಾಟಿಕ್ ಗಾಡಿಗಳಿಗೆ ಇದೇ ಇಂಜಿನ್ನು ಎಲೆಕ್ಟ್ರಾನಿಕ್ ಕಂಟ್ರೋಲಿನ ಪಂಪ್ ಜೊತೆ ಬಂದಿದೆ. ಹಳೇ ಗಾಡಿಗಳಿಗೆ ಯಾವ್ಯಾವುದೋ ಇಂಜಿನ್ ಕೂರಿಸಿರ್ತಾರೆ, ಪಂಪ್ ನೋಡಿಯೇ ಖಚಿತ ಮಾಡ್ಕೊಳ್ಳಿ.

ಇನ್ನು ಬೆಲ್ಟ್ ವಿಷಯ. "ಹೋದ ಓನರ್ ಮಾಡಿಸಿದಾರೆ" ಅನ್ನೋ ಮಾತನ್ನ ನಾನೂ ನಂಬಿದ್ದೆ. ಕಂಪನಿ ಕೊಟ್ಟ ಲೆಕ್ಕ ಸಾಮಾನ್ಯ ಬಳಕೆಗೆ 72,000 ಮೈಲಿ, ಧೂಳು ಕೆಸರಿನ ಬಳಕೆಗೆ ಅದರ ಅರ್ಧ. ನಂದು ಎಲ್ಲಿದೆ ಅಂತಾನೇ ಗೊತ್ತಿರಲಿಲ್ಲ, ಆದ್ರೂ ನಾಳೆ ನಾಡಿದ್ದು ಅಂತ ತಳ್ತಾ ಬಂದೆ. ಒಂದಿನ ಏರು ಹತ್ತುವಾಗ, ಎರಡನೇ ಗೇರಲ್ಲಿ, "ಟಪ್" ಅಂತ ಸಣ್ಣ ಸದ್ದು. ಇಂಜಿನ್ ನಿಂತೋಯ್ತು. ಸೆಲ್ಫ್ ಹೊಡೆದರೆ ಎಂದೂ ಇಲ್ಲದಷ್ಟು ಹಗುರವಾಗಿ ತಿರುಗ್ತಿದೆ, ಅದನ್ನ ಕೇಳಿದಾಗಲೇ ಹೊಟ್ಟೆ ಕಿವುಚಿತು. ರಾಕರ್ ಕವರ್, ಅಂದ್ರೆ ಇಂಜಿನ್ನಿನ ಮೇಲಿನ ಮುಚ್ಚಳ, ತೆಗೆದರೆ ವಾಲ್ವ್ ತಳ್ಳೋ ಎಂಟು ಪುಶ್‌ರಾಡಲ್ಲಿ ಆರು ಬಿಲ್ಲಿನ ಹಾಗೆ ಬಾಗಿವೆ. ಪುಣ್ಯಕ್ಕೆ ಪಿಸ್ಟನ್ ವಾಲ್ವ್ ಉಳಿದಿದ್ವು. ಈ ಇಂಜಿನ್ನಲ್ಲಿ ಪುಶ್‌ರಾಡ್ ಬಾಗಿ ಮಿಕ್ಕಿದ್ದನ್ನ ಕಾಪಾಡೋದು ಉಂಟು, ಆದ್ರೆ ಅದನ್ನ ನೆಚ್ಚಿಕೊಂಡು ಕೂರೋಕಾಗಲ್ಲ.

ಕೆಸರುಗಾಲಿ ಅವರೇ, ಚೀಟಿ ಇಲ್ಲದಿದ್ರೂ ಒಂದು ಪರೀಕ್ಷೆ ಇದೆ. ಟೈಮಿಂಗ್ ಕವರಿನ ಕೆಳತುದಿಯಲ್ಲಿ ಸಣ್ಣ ತೂತಿರುತ್ತೆ, ಆಳ ನೀರಿಗೆ ಇಳಿಯೋ ಮುಂಚೆ ಪ್ಲಗ್ ಹಾಕಿ ಮುಚ್ಚೋಕೆ. ಅದರೊಳಗೆ ಬಿಳಿ ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ಆಡಿಸಿ ತೆಗೀರಿ. ಕರಿ ಹುಡಿ, ನೂಲಿನೆಳೆ ಬಂದ್ರೆ ಬೆಲ್ಟಿನ ಅಂಚು ಎಲ್ಲೋ ತಿಕ್ಕುತ್ತಿದೆ. ಶುರುವಿನ ವರ್ಷಗಳ 300ಟಿಡಿಐಗಳಲ್ಲಿ ಬೆಲ್ಟ್ ನೇರ ಕೂರದೆ ಸವೆಯೋ ತೊಂದರೆ ಇತ್ತು, ಆಮೇಲೆ ಅದಕ್ಕೆ ತಿದ್ದಿದ ಕಿಟ್ ಬಂತು. ಕಡ್ಡಿಗೆ ಆಯಿಲ್ ಅಂಟಿದ್ರೆ ಮುಂದಿನ ಸೀಲ್ ಹೋಗಿದೆ. ಕಡ್ಡಿ ಒಣಗಿ ಬಂದ್ರೂ ಗಾಡಿ ಮನೆಗೆ ಬಂದ ದಿನವೇ ಬೆಲ್ಟ್ ಬದಲಿಸಿ. ಅದು ಗಾಡಿಯ ಬೆಲೆಯ ಒಂದು ಭಾಗ ಅಂತಲೇ ಲೆಕ್ಕ ಹಾಕ್ಕೊಳ್ಳಿ.

ಸ್ಪ್ಯಾನರ್ ಹದಿನಾಲ್ಕು

ಬೆಲ್ಟ್ ಆಮೇಲೆ. ನನಗೆ ಕಾಡ್ತಿರೋದು ಆ ಬಿಸಿ ಬಾನೆಟ್ಟು.

ಡೀಸೆಲ್ ಗಾಡಿ ತೋರಿಸೋಕೆ ಮುಂಚೆ ಬಿಸಿ ಮಾಡಿ ಇಟ್ಟಿದಾರೆ ಅಂದ್ರೆ, ತಣ್ಣಗಿದ್ದಾಗ ಅದು ಏನೋ ಹೇಳುತ್ತೆ, ಅದು ನಿಮಗೆ ಕೇಳಿಸಬಾರದು ಅಂತ ಅರ್ಥ. ಬೆಳಗ್ಗೆ ಬೇಗ ಹೋಗಿ. ಕೈ ಇಟ್ಟು ಬ್ಲಾಕ್ ತಣ್ಣಗಿದೆ ಅಂತ ನೋಡಿ. ಎಕ್ಸ್‌ಪಾನ್ಷನ್ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಹಾಕಿ, ಒಳಗೆ ಹಳೇ ಪ್ರೆಶರ್ ಉಳಿದಿರಬಾರದು. ಸ್ಟಾರ್ಟ್ ಮಾಡಿ, ಮೇಲಿನ ಹೋಸನ್ನ ಕೈಯಲ್ಲಿ ಹಿಡಿದೇ ನಿಲ್ಲಿ. ಹೋಸ್ ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದಲ್ಲಿ, ಗಟ್ಟಿಯಾದ್ರೆ ಅದು ನೀರು ಕಾದು ಹುಟ್ಟಿದ ಪ್ರೆಶರ್ ಅಲ್ಲ. ಸಿಲಿಂಡರಿನ ಗ್ಯಾಸು ನೀರಿಗೆ ಸೇರ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಇಲ್ಲ ಹೆಡ್ಡೇ ಬಿರುಕು ಬಿಟ್ಟಿರಬೇಕು. ಬಿಸಿ ಇಂಜಿನ್ನಲ್ಲಿ ಹೋಸ್ ಗಟ್ಟಿ ಇದ್ದದ್ದಕ್ಕೆ ಮಾತ್ರ ಏನೂ ಅರ್ಥವಿಲ್ಲ, ಅದು ಇರಲೇಬೇಕು.

ಈ ಇಂಜಿನ್ನಿಗೆ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಬೀಡುಕಬ್ಬಿಣ. ಒಮ್ಮೆ ನೀರು ಖಾಲಿಯಾಗಿ ಓಡಿದ್ರೆ ಹೆಡ್ ಸೊಟ್ಟಗಾಗುತ್ತೆ. ನೀರು ಹೋಗೋ ದಾರಿಯೂ ಇವಕ್ಕೆ ಗೊತ್ತಿರೋದೇ: ಆಲ್ಟರ್ನೇಟರ್ ಕೂತಿರೋ ಬ್ರಾಕೆಟ್ ಹಿಂದೆ "ಪಿ ಗ್ಯಾಸ್ಕೆಟ್" ಅಂತ ಒಂದು ಇದೆ, ಆಕಾರವೇ ಆ ಅಕ್ಷರದ್ದು. ಅಲ್ಲಿಂದ ಹನಿಹನಿಯಾಗಿ ಸೋರುತ್ತೆ, ಬಿಸಿ ಬ್ಲಾಕ್ ಮೇಲೆ ಆರಿ ಬಿಳಿ ಕಲೆ ಮಾತ್ರ ಉಳಿಯುತ್ತೆ. ಟಾರ್ಚ್ ಹಾಕಿ ಆ ಕಲೆ ಹುಡುಕಿ. ಟೆಂಪರೇಚರ್ ಮುಳ್ಳನ್ನ ನಂಬ್ಕೊಂಡು ಕೂರಬೇಡಿ. ಸೆನ್ಸರಿನ ಸುತ್ತ ನೀರೇ ಇಲ್ಲ ಅಂದ್ರೆ ಅದು ಗಾಳಿಯ ಬಿಸಿ ಅಳೆಯುತ್ತೆ, ಇಂಜಿನ್ ಬೇಯ್ತಿದ್ರೂ ಮುಳ್ಳು ಕೆಳಗಿಳೀಬಹುದು.

ಹಳೇ ಇಂಜಿನ್ ಸರಳ ಅಂತ ಎಲ್ಲರೂ ಹೇಳ್ತಾರೆ. ಬಿಚ್ಚೋಕೆ ಸರಳ, ಒಪ್ತೀನಿ. ಆದ್ರೆ ಅದು ತನ್ನ ಕಷ್ಟ ತಾನೇ ಹೇಳಲ್ಲ, ನೀವು ಬಗ್ಗಿ ನೋಡಿದ್ರೆ ಮಾತ್ರ ಕಾಣುತ್ತೆ.

ತೈಲಚುಕ್ಕೆ

ಟಿಡಿ5 ಕಡೆಯವನು ನಾನೊಬ್ನೇ ಅಂತ ಕಾಣುತ್ತೆ, ಹೇಳ್ಬಿಡ್ತೀನಿ. 300ಟಿಡಿಐ 111 ಹಾರ್ಸ್‌ಪವರ್, 265 ನ್ಯೂಟನ್ ಮೀಟರ್. ಡಿಫೆಂಡರ್ ಟಿಡಿ5 122 ಮತ್ತು 300. ಎರಡರ ಸಾಮರ್ಥ್ಯವೂ ಅದೇ ಎರಡೂವರೆ ಲೀಟರ್, ಟಿಡಿ5ಗೆ ಐದು ಸಿಲಿಂಡರ್. ಟೈಮಿಂಗಿಗೆ ಬೆಲ್ಟ್ ಇಲ್ಲ, ಚೈನ್. ಮೇಲಿನ ಪುಶ್‌ರಾಡ್ ಕತೆ ಇದರಲ್ಲಿ ನಡೆಯೋದೇ ಇಲ್ಲ.

ಈಗ ನಿಮ್ಮ ಜರ್ಕಿಗೆ ಬರೋಣ. ಮುಂದಿನ ಸೀಟಿನ ಕುಶನ್ ಎತ್ತಿ ಅದರಡಿಯ ಮುಚ್ಚಳ ತೆಗೆದ್ರೆ ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಸಿಗುತ್ತೆ. ಅದಕ್ಕೆ ಎರಡು ಪ್ಲಗ್: ಒಂದು ಕಪ್ಪು, ಒಂದು ಕೆಂಪು. ಬ್ಯಾಟರಿ ತಪ್ಪಿಸಿ ಕೆಂಪು ಪ್ಲಗ್ ಎಳೀರಿ. ಒಳಗೆ ಆಯಿಲ್ ಮಿನುಗಿದ್ರೆ ಗಾಬರಿ ಬೇಡ, ಟಿಡಿ5 ಇಟ್ಟವರೆಲ್ಲ ನೋಡಿರೋ ದೃಶ್ಯ ಅದು. ಇಂಜೆಕ್ಟರ್‌ಗಳ ವೈರಿಂಗ್ ರಾಕರ್ ಕವರಿನ ಒಳಗೆ, ಆಯಿಲ್ ಸಿಡಿಯೋ ಜಾಗದಲ್ಲೇ ಹಾದುಹೋಗುತ್ತೆ. ಆಯಿಲ್ ವೈರಿನ ಎಳೆಗಳ ನಡುವೆ, ದೀಪದ ಬತ್ತಿಯಲ್ಲಿ ಎಣ್ಣೆ ಏರೋ ಹಾಗೆ, ಏರಿ ಇಸಿಯುವರೆಗೆ ಬರುತ್ತೆ. ಪ್ಲಗ್ಗನ್ನ ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದ್ರೆ ಕೆಲವು ದಿನ ಸರಿ ಇರುತ್ತೆ. ಖಾಯಂ ಮದ್ದು ಅಂದ್ರೆ ರಾಕರ್ ಕವರ್ ಒಳಗಿನ ಹಾರ್ನೆಸ್ ಬದಲಿಸೋದು. ಮೊದಲ ಸಲ ಮಾಡೋರಿಗೂ ಆಗೋ ಕೆಲಸ. ಬದಲಿಸಿದ ಮೇಲೂ ವೈರಿನೊಳಗೆ ಉಳಿದ ಆಯಿಲ್ ಬರ್ತಾ ಇರುತ್ತೆ, ನಾಲ್ಕಾರು ಸಲ ಒರೆಸಬೇಕು.

ಬಿಸಿಯಾದಾಗ ಪೂರ್ತಿ ಆಫ್ ಆಗಿ ತಣಿದ ಮೇಲೆ ಸ್ಟಾರ್ಟ್ ಆಗಿದ್ದು ಮಾತ್ರ ಬೇರೇನೇ ಇರಬಹುದು. ಇಂಜಿನ್ ತಿರುಗೋದನ್ನ ಇಸಿಯುಗೆ ಹೇಳೋ ಕ್ರ್ಯಾಂಕ್ ಸೆನ್ಸರ್ ಸಾಯೋ ಮುಂಚೆ ಹೀಗೇ ಮಾಡುತ್ತೆ. ಮತ್ತೆ ಆಫ್ ಆದ್ರೆ ಸೆಲ್ಫ್ ಹೊಡೀತಾ ಆರ್‌ಪಿಎಂ ಮುಳ್ಳು ನೋಡಿ. ಇಂಜಿನ್ ತಿರುಗ್ತಿದ್ರೂ ಮುಳ್ಳು ಅಲ್ಲಾಡದಿದ್ರೆ ಸೆನ್ಸರ್ ಮೇಲೇ ಅನುಮಾನ ಪಡಿ.

ನನಗೆ ಹೆದರಿಕೆ ಆಗಿದ್ದು ಡಿಪ್‌ಸ್ಟಿಕ್ ಓದಿ. ಟಿಡಿ5ನಲ್ಲಿ ಡೀಸೆಲ್ಲು ಹೆಡ್ಡಿನೊಳಗೇ ಕೊರೆದ ದಾರಿಯಲ್ಲಿ ಇಂಜೆಕ್ಟರಿಗೆ ಹೋಗುತ್ತೆ. ಇಂಜೆಕ್ಟರಿನ ಒ ರಿಂಗ್, ತಾಮ್ರದ ವಾಷರ್ ಸವೆದ್ರೆ ಡೀಸೆಲ್ ಆಯಿಲಿಗೆ ಇಳಿಯುತ್ತೆ, ಆಯಿಲ್ ಮಟ್ಟ ಏರುತ್ತೆ. ಅದು ಸಣ್ಣ ರಿಪೇರಿ. ಹೆಡ್ಡಿನಲ್ಲೇ ಆ ದಾರಿ ಬಿರುಕು ಬಿಟ್ಟಿದ್ರೂ ಇದೇ ಲಕ್ಷಣ, ಆಗ ಹೆಡ್ಡೇ ಬೇರೆ ಬೇಕು. ಡಿಪ್‌ಸ್ಟಿಕ್ ಮೂಸಿ ನೋಡಿ. ಒಂದು ಹನಿಯನ್ನ ಟಿಶ್ಯೂ ಪೇಪರ್ ಮೇಲೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಕಪ್ಪು ಚುಕ್ಕೆಯ ಸುತ್ತ ತೆಳುವಾದ ಅಗಲ ಉಂಗುರ ಹರಡಿದ್ರೆ ಡೀಸೆಲ್ ಬೆರೆತಿದೆ ಅಂತ ಅನುಮಾನ ಪಡಿ. ಅಥವಾ ಮಾರೋರು ಸುಮ್ನೆ ಆಯಿಲ್ ಜಾಸ್ತಿ ಸುರಿದಿರಬಹುದು, ಅದೂ ಆಗುತ್ತೆ.

ಗುಡ್ಡದಾರಿ

ನಡುವೆ ಬಾಯಿ ಹಾಕ್ತೀನಿ. ಇಷ್ಟೆಲ್ಲ ಯಾಕೆ, 2012ರ ನಂತರದ 2.2 ಲೀಟರ್ ನೋಡಬಹುದಲ್ಲ? ಆರು ಗೇರ್, ಕಾಮನ್ ರೈಲ್, ಸದ್ದೂ ಕಮ್ಮಿ.

ಸ್ಪ್ಯಾನರ್ ಹದಿನಾಲ್ಕು

ದೂರ ಹೋಗೋರಿಗೆ ಒಳ್ಳೇದು. ಆದ್ರೆ ಅದರಲ್ಲಿ ಡಿಪಿಎಫ್ ಇದೆ, ಹೊಗೆಯ ಮಸಿ ಹಿಡಿಯೋ ಫಿಲ್ಟರ್. ಸೈಲೆನ್ಸರ್ ದಾರಿಯಲ್ಲಿ ಕೂತ ಮಸಿ ಸುಡೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು, ಅದು ಹದವಾದ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದ್ರೆ ಮಾತ್ರ ಸಿಗೋದು. ಲೋ ರೇಂಜಲ್ಲಿ ತೆವಳಿ, ಐದು ನಿಮಿಷ ಓಡಿಸಿ ನಿಲ್ಲಿಸೋ ಗಾಡಿಯಲ್ಲಿ ಮಸಿ ತುಂಬುತ್ತೆ, ಅರ್ಧಕ್ಕೆ ನಿಂತ ಸುಡುವಿಕೆಯಿಂದ ಡೀಸೆಲ್ಲು ಆಯಿಲಿಗೂ ಇಳಿಯುತ್ತೆ. ಡೀಸೆಲ್‌ನಲ್ಲಿ ಗಂಧಕದ ಅಂಶ ಕಡಿಮೆ ಇರಲೇಬೇಕು ಅನ್ನೋದು ಇನ್ನೊಂದು. ಇವರು ಕೇಳಿದ್ದು ಎರಡು ಗಾಡಿ, ಅಲ್ಲಿಗೇ ಬರೋಣ.

ಹೊಗೆಬಂಡಿ

ಇಸಿಯು ಸೀಟಿನ ಕೆಳಗಂತೆ! ಹೊಳೆಗೆ ಇಳಿದಾಗ?

ತೈಲಚುಕ್ಕೆ

ಅಣ್ಣ, ಡಿಫೆಂಡರಿಗೆ ಕಂಪನಿ ಹೇಳಿದ್ದು 500 ಮಿಲಿಮೀಟರ್ ಆಳ, ಇಂಜಿನ್ ಯಾವುದೇ ಇರಲಿ. ಸೀಟಿನ ಪೆಟ್ಟಿಗೆಗೆ ನೀರು ಬಂತು ಅಂದ್ರೆ ನೀವು ಆ ಲೆಕ್ಕ ಯಾವತ್ತೋ ದಾಟಿದೀರಿ. ಅಲ್ಲಿಂದ ಮುಂದೆ ಏರ್ ಫಿಲ್ಟರಿಗೆ ನೀರು ನುಗ್ಗಿದ್ರೆ ನಿಮ್ಮ ಮೆಕ್ಯಾನಿಕಲ್ ಇಂಜಿನ್ನಿನ ಕನೆಕ್ಟಿಂಗ್ ರಾಡೂ ಬಾಗುತ್ತೆ.

ಒಂದು ಮಾತು ಒಪ್ತೀನಿ: ಟಿಡಿ5 ಇಟ್ರೆ ಅದರ ಫಾಲ್ಟ್ ಕೋಡ್ ಓದೋ ಸಾಧನ ಇರಲೇಬೇಕು. ಅದಿಲ್ದೆ ಸೆನ್ಸರ್ ಮೇಲೆ ಸೆನ್ಸರ್ ಬದಲಿಸ್ತಾ ಕೂತ್ರೆ ಮನೆ ಹಾಳು.

ಕೆಸರುಗಾಲಿ

ತಡ ಆಯ್ತು, ಕ್ಷಮಿಸಿ. ನೀವು ಹೇಳಿದ್ದೆಲ್ಲ ಮಾಡ್ಕೊಂಡು ಬಂದೆ.

300ಟಿಡಿಐ ಹತ್ರ ಹೇಳದೆ ಕೇಳದೆ ಬೆಳಗ್ಗೆ ಆರೂವರೆಗೆ ಹೋದೆ. ಮಾರೋರ ಮುಖ ಸ್ವಲ್ಪ ಸಣ್ಣಗಾಯ್ತು. ಬ್ಲಾಕ್ ತಣ್ಣಗಿತ್ತು. ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಯ್ತು, ಬಿಳಿ ಹೊಗೆ, ಒಂದು ಸಿಲಿಂಡರ್ ಸರಿಯಾಗಿ ಹೊಡೀತಿರಲಿಲ್ಲ. ಹೋಸ್ ಹಿಡಿದು ನಿಂತೆ. ಎರಡು ನಿಮಿಷ ಕೂಡ ಬೇಕಾಗಲಿಲ್ಲ, ಕೈಗೆ ಇನ್ನೂ ತಣ್ಣಗೆ ಹತ್ತುತ್ತಿರುವಾಗಲೇ ಬೆರಳಲ್ಲಿ ಒತ್ತೋಕಾಗದಷ್ಟು ಬಿಗಿಯಾಯ್ತು. ಬೆಲ್ಟಿನ ತೂತಿಗೆ ಕಡ್ಡಿ ಹಾಕಲೇ ಇಲ್ಲ, ನಮಸ್ಕಾರ ಹೇಳಿ ಬಂದೆ.

ಟಿಡಿ5: ಕೆಂಪು ಪ್ಲಗ್ ಎಳೆದ್ರೆ ಬೆರಳೆಲ್ಲ ಆಯಿಲ್. ಡಿಪ್‌ಸ್ಟಿಕ್‌ಗೆ ಡೀಸೆಲ್ ವಾಸನೆ ಇಲ್ಲ, ಟಿಶ್ಯೂ ಮೇಲೆ ಉಂಗುರ ಇಲ್ಲ. ಕೇಳಿದ್ರೆ, "ಡಿಪ್‌ಸ್ಟಿಕ್ ಸರಿ ಕಾಣಿಸ್ಲಿಲ್ಲ, ಒಂದು ಲೀಟರ್ ಹೆಚ್ಚೇ ಇರಲಿ ಅಂತ ಹಾಕಿದೆ" ಅಂದ್ರು. ಆದ್ರೂ ಹೆಚ್ಚಿನ ಆಯಿಲ್ ತೆಗೆಸಿ, ಗೆರೆಗೆ ಗುರುತು ಮಾಡಿ, ವಾರ ಬಿಟ್ಟು ಮತ್ತೆ ಹೋಗಿ ನೋಡಿದೆ. ಆ ವಾರದಲ್ಲಿ 400 ಕಿಲೋಮೀಟರ್ ಓಡಿತ್ತು, ಮಟ್ಟ ಅಲ್ಲೇ ಇತ್ತು. ತಗೊಂಡೆ.

ಹಾರ್ನೆಸ್ ನಾನೇ ಬದಲಿಸಿದೆ, ಒಂದು ಮಧ್ಯಾಹ್ನ ಹಿಡೀತು. ಜರ್ಕ್ ಹೋಯ್ತು. ಆದ್ರೆ ನಿನ್ನೆ ಬಿಸಿಲಲ್ಲಿ ಒಂದು ಸಲ ಆಫ್ ಆಯ್ತು. ಸೆಲ್ಫ್ ಹೊಡೆದಾಗ ಆರ್‌ಪಿಎಂ ಮುಳ್ಳು ಸೊನ್ನೆಯಲ್ಲೇ ಕೂತಿತ್ತು. ತೈಲಚುಕ್ಕೆ ಅವರೇ, ಕ್ರ್ಯಾಂಕ್ ಸೆನ್ಸರ್ ತರಿಸ್ತಿದೀನಿ.

ತೈಲಚುಕ್ಕೆ

ಒಳ್ಳೇದು. ಒಂದು ಸಣ್ಣ ಕೆಲಸ ಬಾಕಿ ಇದೆ. ಬಿಸಿ ಇಂಜಿನ್ ಆಫ್ ಮಾಡಿ, ಬಾನೆಟ್ ತೆಗೆದು ಕಿವಿ ಕೊಡಿ. ಟಿಡಿ5ಗೆ ಮಾಮೂಲಿ ಆಯಿಲ್ ಫಿಲ್ಟರ್ ಜೊತೆ ಬುಗುರಿ ಥರ ತಿರುಗೋ ಇನ್ನೊಂದು ಫಿಲ್ಟರ್ ಇದೆ, ಆಯಿಲ್ ಪ್ರೆಶರಿನಿಂದಲೇ ತಿರುಗುತ್ತೆ. ಇಂಜಿನ್ ನಿಂತ ಮೇಲೂ ಅದು ಕೆಲವು ಸೆಕೆಂಡ್ ಸೊಂಯ್ ಅಂತ ತಿರುಗ್ತಿರಬೇಕು. ಸದ್ದಿಲ್ಲ ಅಂದ್ರೆ ಒಳಗೆ ಜಿಡ್ಡು ಕಟ್ಟಿ ನಿಂತಿದೆ, ಮೊದಲು ಅದನ್ನ ಬದಲಿಸಿ. ಮುಂದೆ ಯಾವತ್ತಾದ್ರೂ ಇಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದಾಗ ಆಯಿಲ್ ಪಂಪಿನ ಬೋಲ್ಟಿಗೆ ಥ್ರೆಡ್‌ಲಾಕ್ ಹಾಕಿಸೋದು ಮರೀಬೇಡಿ. ಅದು ಸಡಿಲಾಗಿ ಬಿದ್ದ ಟಿಡಿ5ಗಳಿವೆ, ಬಿದ್ರೆ ಆಯಿಲ್ ಪ್ರೆಶರ್ ಸೊನ್ನೆ.

ಕೆಸರುಗಾಲಿ

ಈಗಷ್ಟೇ ಕೇಳಿಸ್ಕೊಂಡು ಬಂದೆ ಸಾರ್. ತಿರುಗ್ತಿದೆ. ಏಳರವರೆಗೆ ಎಣಿಸಿದೆ.