ಹೊಡೆದು ತೋರಿಸಿಕೊಂಡ ಮಾಲು ಕೋರ್ಟಿನಲ್ಲಿ ನಿಲ್ಲುತ್ತಾ?

ಜೇವರ್ಗಿ ಅಕ್ಕ:
ಪಂಪ್‌ಸೆಟ್ ಕೇಬಲ್ ಕಳವಿನ ಕೇಸಿನಲ್ಲಿ ನನ್ನ ತಮ್ಮನನ್ನು ಹಿಡಿದಿದ್ದಾರೆ. ಠಾಣೆಯಲ್ಲಿ ನೋಡಿ ಬಂದೆ. ಅಂಗಾಲು ಬಾತು ಚಪ್ಪಲಿ ಹಿಡಿಸ್ತಿಲ್ಲ. ತೊಗರಿ ಹೊಲದ ಬದುವಿನಿಂದ ಅವನೇ ಕೇಬಲ್ ತೆಗೆದುಕೊಟ್ಟ ಅಂತ ಪಂಚನಾಮೆ ಆಗಿದೆ. ಹೊಡೆದು ಪಡೆದ ಸಾಕ್ಷಿ ತಾನಾಗೇ ಬಿದ್ದುಹೋಗುತ್ತೆ ಅಂತಾರೆ ನೆಂಟರು. ನಿಜವಾ? ನಾಳೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸ್ತಾರೆ.

ಕಲಬುರಗಿ ವಕೀಲ:
ಅಕ್ಕಾ, ತಾನಾಗೇ ಬೀಳೋದಿಲ್ಲ. ಅದನ್ನು ನಂಬಿ ಸುಮ್ನೆ ಕೂರಬೇಡಿ.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ, ಹೊಡೆದರೂ ಹೊಡೆಯದಿದ್ದರೂ, ಆರೋಪಿಯ ವಿರುದ್ಧ ನಡೆಯೋದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದು. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ, ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 27ನೇ ಕಲಂ ಆಗಿದ್ದದ್ದು. ಆರೋಪಿ ಹೇಳಿದ್ದರಿಂದ ವಸ್ತು ಸಿಕ್ಕರೆ ಅದಕ್ಕೆ ನೇರ ಸಂಬಂಧಪಟ್ಟ ಮಾತಷ್ಟು ಸಾಕ್ಷ್ಯ ಆಗುತ್ತೆ. 'ಬದುವಿನಲ್ಲಿ ಇಟ್ಟಿದ್ದೀನಿ' ಬರುತ್ತೆ, 'ಕದ್ದೆ' ಬರೋದಿಲ್ಲ.

ಆ ಮಾತನ್ನೂ ಬಲವಂತದಿಂದ ಹೇಳಿಸಿದ್ದರೆ? ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಆರೋಪಿಯನ್ನು ಬಲವಂತ ಮಾಡಬಾರದು ಅನ್ನೋ ಸಂವಿಧಾನದ 20(3)ನೇ ವಿಧಿ ಅಡ್ಡ ಬರುತ್ತೆ. 1961ರಲ್ಲಿ ಕಾಥಿ ಕಾಲು ಓಘಡ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಇದನ್ನು ಹೇಳಿದೆ. ಕೇಬಲ್ ವಿಷಯ ಬೇರೆ. 1973ರ ಪೂರನ್ ಮಲ್ ತೀರ್ಪಿನ ಪ್ರಕಾರ, ಅಕ್ರಮ ಶೋಧದಲ್ಲಿ ಸಿಕ್ಕಿತು ಅನ್ನೋ ಒಂದೇ ಕಾರಣಕ್ಕೆ ವಸ್ತುವನ್ನು ಹೊರಗಿಡೋಕಾಗಲ್ಲ. ಇದು ನಮ್ಮ ಕಾನೂನಿನ ದೊಡ್ಡ ಕೊರತೆ ಅಂತಲೇ ನಾನು ಹೇಳ್ತೀನಿ. ಲಾಠಿ ಬೀಸಿದವರಿಗೆ ಲಾಭ ಉಳಿದುಬಿಡುತ್ತೆ.

ಅದಕ್ಕೇ ನಾಳೆ ಬಹಳ ಮುಖ್ಯ. 'ಪೊಲೀಸರು ಹೊಡೆದರಾ?' ಅಂತ ಮ್ಯಾಜಿಸ್ಟ್ರೇಟ್ ಕೇಳ್ತಾರೆ. ಪಕ್ಕದಲ್ಲೇ ಪೇದೆ ನಿಂತಿರ್ತಾರೆ. ಹುಡುಗರು ನೆಲ ನೋಡ್ತಾ 'ಇಲ್ಲ ಸಾರ್' ಅಂದುಬಿಡ್ತಾರೆ. ಅದು ಆರ್ಡರ್ ಶೀಟಿಗೆ, ಅಂದ್ರೆ ಕೋರ್ಟಿನ ದಾಖಲೆಗೆ ಹೋಗುತ್ತೆ. ವಿಚಾರಣೆ ಹೊತ್ತಿಗೆ ನಾವು ಹೊಡೆತದ ಮಾತೆತ್ತಿದರೆ ಸರ್ಕಾರಿ ವಕೀಲರು ಆ ಸಾಲನ್ನೇ ಓದ್ತಾರೆ. ತಮ್ಮನಿಗೆ ಧೈರ್ಯ ಹೇಳಿ. ಅಂಗಾಲು ತೋರಿಸಲಿ. ಗಾಯ ಬರೆದುಕೊಳ್ಳಿ, ಸರ್ಕಾರಿ ಆಸ್ಪತ್ರೆಗೆ ಕಳಿಸಿ ಅಂತ ಬಾಯಿಬಿಟ್ಟು ಕೇಳಲಿ.

ಬೀದರ್‌ನಿಂದ:
ಠಾಣೆಯ ಕ್ಯಾಮೆರಾ ದೃಶ್ಯವನ್ನೂ ಕೇಳಿ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ರೆಕಾರ್ಡಿಂಗ್ ಕನಿಷ್ಠ ಒಂದು ವರ್ಷ ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ತಡ ಮಾಡಿದರೆ 'ಕ್ಯಾಮೆರಾ ಕೆಟ್ಟಿತ್ತು' ಅನ್ನೋ ಉತ್ತರ ಬರುತ್ತೆ.

ಜೇವರ್ಗಿ ಅಕ್ಕ:
ವಕೀಲರನ್ನು ಇಡೋಕೆ ನಮ್ಮ ಹತ್ರ ದುಡ್ಡಿಲ್ಲ ಅಣ್ಣಾ.

ಕಲಬುರಗಿ ವಕೀಲ:
ಕಸ್ಟಡಿಯಲ್ಲಿ ಇರೋರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು, ಅದು ಹಕ್ಕು. ಈಗಲೇ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬೆಳಗ್ಗೆ ಅವನನ್ನು ಕರೆತರೋಕೆ ಮುಂಚೆಯೇ ನೀವು ಕೋರ್ಟಿನಲ್ಲಿರಿ, ಕಾನೂನು ಸೇವೆಯ ವಕೀಲರಿಗೆ ಮೊದಲು ಕಾಲಿನ ವಿಷಯ ಹೇಳಿ, ಆಮೇಲೆ ಜಾಮೀನಿನ ಮಾತು.