ಸ್ಟೆಂಟ್ ಹಾಕಿಸಿಕೊಂಡ ತಂದೆಯವರ ಮಾತ್ರೆಗಳಿಗೆ ತಿಂಗಳಿಗೆ 5,200 ರೂಪಾಯಿ: ಚಿಕಿತ್ಸೆ ಕೆಡದಂತೆ ಖರ್ಚು ಇಳಿಸುವುದು ಹೇಗೆ?

ಪ್ರಶ್ನೆ: ಶರಾವತಿ ತೀರ

ಮಾನ್ಯರೇ, ನಮ್ಮ ತಂದೆಯವರಿಗೆ 67 ವರ್ಷ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇವೆ. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿಸಿದೆವು. ಶಸ್ತ್ರಚಿಕಿತ್ಸೆಯ ಖರ್ಚಿನ ಬಹುಪಾಲು ಸರ್ಕಾರಿ ಯೋಜನೆಯಿಂದ ನೀಗಿತು. ಆದರೆ ಮನೆಗೆ ಬಂದ ಮೇಲೆ ಪ್ರತಿ ತಿಂಗಳೂ ಕೊಳ್ಳಬೇಕಾದ ಮಾತ್ರೆಗಳಿಗೆ ಯಾವ ಕಾರ್ಡೂ ನೆರವಿಗೆ ಬರುತ್ತಿಲ್ಲ.

ಚೀಟಿಯಲ್ಲಿ ಏಳು ಬಗೆಯ ಔಷಧಗಳಿವೆ: ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಮತ್ತು ರೋಸುವಾಸ್ಟಾಟಿನ್ ಮೂರೂ ಸೇರಿರುವ ಕ್ಯಾಪ್ಸೂಲ್; ಟೆಲ್ಮಿಸಾರ್ಟಾನ್ ಮತ್ತು ಆಮ್ಲೊಡಿಪಿನ್ ಸೇರಿರುವ ಬಿಪಿ ಮಾತ್ರೆ; ಮೆಟೊಪ್ರೊಲಾಲ್; ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ್ದು; ಎಂಪಾಗ್ಲಿಫ್ಲೋಜಿನ್ ಮತ್ತು ಲಿನಾಗ್ಲಿಪ್ಟಿನ್ ಸೇರಿದ್ದು; ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್; ನರಗಳಿಗೆಂದು ಒಂದು ವಿಟಮಿನ್ ಮಾತ್ರೆ. ಕಳೆದ ತಿಂಗಳ ಬಿಲ್ಲು 5,200 ರೂಪಾಯಿ ದಾಟಿತು. ಅದರಲ್ಲಿ ಸುಮಾರು 2,000 ರೂಪಾಯಿ ಸಕ್ಕರೆ ಕಾಯಿಲೆಗೆ ಕೊಟ್ಟಿರುವ, ಎಂಪಾಗ್ಲಿಫ್ಲೋಜಿನ್ ಇರುವ ಆ ಒಂದು ಜೋಡಿ ಮಾತ್ರೆಗೇ ಹೋಗುತ್ತಿದೆ.

ನಾನು ಇದನ್ನು ಬರೆಯಲು ಕಾರಣವೇ ಬೇರೆ. ಹೋದ ವಾರ ಊರಿಗೆ ಹೋದಾಗ ಮಾತ್ರೆಗಳ ಡಬ್ಬಿಯನ್ನು ನೋಡಿದರೆ, ಮುಗಿದಿರಬೇಕಾಗಿದ್ದ ಪಟ್ಟಿಗಳು ಅರ್ಧದಷ್ಟು ಉಳಿದಿದ್ದವು. ಕೇಳಿದಾಗ ಅಮ್ಮ ಮೆಲ್ಲನೆ ಹೇಳಿದರು: ಮಗನಿಗೆ ಹೊರೆಯಾಗಬಾರದೆಂದು ಅಪ್ಪ ಎರಡು ತಿಂಗಳಿಂದ ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಂತೆ. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಚಿಕಿತ್ಸೆಗೆ ಧಕ್ಕೆಯಾಗದಂತೆ ಈ ಖರ್ಚನ್ನು ಕಡಿಮೆ ಮಾಡುವ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಜನೌಷಧಿ ಕೇಂದ್ರದ ಮಾತ್ರೆಗಳನ್ನು ಹೃದಯದ ಕಾಯಿಲೆಗೆ ನಂಬಬಹುದೇ ಎಂಬುದೂ ನನ್ನ ಪ್ರಶ್ನೆ.

ಉತ್ತರ: ತಾಲ್ಲೂಕು ವೈದ್ಯೆ

ಹಣದ ಮಾತಿಗೆ ಮೊದಲು ಒಂದು ಮಾತು. ಇಂದೇ ಮನೆಗೆ ಫೋನ್ ಮಾಡಿ, ತಂದೆಯವರು ಆ ಮೂರು ಔಷಧಗಳ ಕ್ಯಾಪ್ಸೂಲನ್ನು ಒಂದು ದಿನವೂ ತಪ್ಪಿಸದಂತೆ ನೋಡಿಕೊಳ್ಳಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತಿರುವುದು ಕ್ಲೋಪಿಡೋಗ್ರೆಲ್ ಮತ್ತು ಆಸ್ಪಿರಿನ್. ಹೃದಯಾಘಾತದ ನಂತರ ಸಾಮಾನ್ಯವಾಗಿ ಒಂದು ವರ್ಷದವರೆಗೆ ಇವೆರಡನ್ನೂ ಒಟ್ಟಿಗೆ ಕೊಡುತ್ತೇವೆ. ಯಾವಾಗ ನಿಲ್ಲಿಸಬೇಕೆಂಬುದನ್ನು ಹೃದ್ರೋಗ ತಜ್ಞರೇ ಹೇಳಬೇಕು. ಎರಡು ತಿಂಗಳಿಂದ ದಿನ ಬಿಟ್ಟು ದಿನ ತೆಗೆದುಕೊಂಡಿದ್ದನ್ನು ಮುಚ್ಚಿಡದೆ ಅವರಿಗೆ ತಿಳಿಸಿ. ಬಯ್ಯುತ್ತಾರೆಂಬ ಹೆದರಿಕೆಯಿಂದ ರೋಗಿಗಳು ಇದನ್ನು ಹೇಳುವುದಿಲ್ಲ. ನಾವು ಮಾತ್ರೆ ಸಾಲುತ್ತಿಲ್ಲವೆಂದು ತಿಳಿದು ಇನ್ನೂ ದುಬಾರಿಯಾದ ಔಷಧವನ್ನು ಸೇರಿಸುತ್ತೇವೆ. ಹೀಗೆ ಖರ್ಚು ಮತ್ತೆ ಏರುವುದನ್ನು ನನ್ನ ಹೊರರೋಗಿ ವಿಭಾಗದಲ್ಲಿ ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಇನ್ನು ಚೀಟಿಯ ವಿಷಯ. ನಿಮ್ಮ ಪಟ್ಟಿಯಲ್ಲಿ ಕೈಬಿಡಬಹುದಾದದ್ದು ಯಾವುದಾದರೂ ಇದ್ದರೆ ಅದು ಬಹುಶಃ ವಿಟಮಿನ್ ಮಾತ್ರೆ. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕೊರತೆ ಕಾಣಿಸುವುದುಂಟು. ಪರೀಕ್ಷೆಯಲ್ಲಿ ಕೊರತೆ ಕಂಡರೆ ಬರೀ ಬಿ12 ಸಾಕು, ಹತ್ತಾರು ಅಂಶಗಳಿರುವ ದುಬಾರಿ ಮಾತ್ರೆ ಬೇಕಿಲ್ಲ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಮಾತ್ರ ಅನಗತ್ಯವೆಂದು ನೀವೇ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಎರಡು ಔಷಧಗಳು ನಡೆಯುತ್ತಿರುವಷ್ಟು ಕಾಲ ಹೊಟ್ಟೆಯಲ್ಲಿ ರಕ್ತಸ್ರಾವವಾಗದಂತೆ ಅದು ಕಾಯುತ್ತದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ ಬಗ್ಗೆ ಮಧ್ಯಮ ವರ್ಗದವರಿಗೆ ಏಕೋ ತಿಳಿದೇ ಇಲ್ಲ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಅಲ್ಲಿ ಹೆಸರು ನೋಂದಾಯಿಸಿದರೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಆಮ್ಲೊಡಿಪಿನ್‌ನಂತಹ ಮೂಲ ಔಷಧಗಳು ಉಚಿತವಾಗಿ ಸಿಗುತ್ತವೆ. ಬಿಪಿಎಲ್ ಕಾರ್ಡ್ ಇಲ್ಲದವರೂ ಬರಬಹುದು. ದಾಸ್ತಾನು ಕೆಲವೊಮ್ಮೆ ಮುಗಿದಿರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದ್ದರಿಂದ ಕೈಯಲ್ಲಿ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಬನ್ನಿ.

ಉತ್ತರ: ದಾವಣಗೆರೆಯ ಹಳೆಯ ಫಾರ್ಮಸಿಸ್ಟ್

ಮೂವತ್ತೊಂದು ವರ್ಷ ಔಷಧ ಅಂಗಡಿಯಲ್ಲಿ ಕುಳಿತವನು ನಾನು. ಒಂದೇ ಔಷಧಕ್ಕೆ ಐದು ಬೆಲೆ ಏಕೆ ಎಂಬುದನ್ನು ನನಗೆ ತಿಳಿದಂತೆ ವಿವರಿಸುತ್ತೇನೆ.

ನಮ್ಮ ದೇಶದಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯೊಂದಿದೆ. 2022ರ ಪರಿಷ್ಕರಣೆಯಲ್ಲಿ ಅದರಲ್ಲಿ 384 ಔಷಧಗಳಿದ್ದವು. ಈ ಪಟ್ಟಿಯಲ್ಲಿರುವ ಔಷಧಗಳಿಗೆ, 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಗರಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆ. ಮಾರುಕಟ್ಟೆಯಲ್ಲಿ ಶೇ 1ಕ್ಕಿಂತ ಕಡಿಮೆಯಲ್ಲದ ಪಾಲು ಹೊಂದಿರುವ ಬ್ರ್ಯಾಂಡ್‌ಗಳು ಅಂಗಡಿಯವರಿಗೆ ಮಾರುವ ಬೆಲೆಗಳ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಲಾಭವೆಂದು ಶೇ 16 ಸೇರಿಸುವುದು ಅದರ ಲೆಕ್ಕ. ಮಾಡಲು ತಗಲುವ ಖರ್ಚು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಿ. ದುಬಾರಿ ಬ್ರ್ಯಾಂಡ್‌ಗಳೇ ಹೆಚ್ಚಿದ್ದರೆ ಸರಾಸರಿಯೂ ದುಬಾರಿಯೇ. ಪಟ್ಟಿಯ ಹೊರಗಿನ ಔಷಧಗಳಿಗೆ ಗರಿಷ್ಠ ಬೆಲೆಯೇ ಇಲ್ಲ, ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂಬ ಮಿತಿ ಮಾತ್ರ ಇದೆ.

ನಿಮ್ಮ ತಂದೆಯವರ ಚೀಟಿಯಲ್ಲಿ ಅಡಗಿರುವ ಸಂಗತಿ ಇದೇ. ಟೆಲ್ಮಿಸಾರ್ಟಾನ್ ಪಟ್ಟಿಯಲ್ಲಿದೆ, ಆಮ್ಲೊಡಿಪಿನ್ ಪಟ್ಟಿಯಲ್ಲಿದೆ, ಕ್ಲೋಪಿಡೋಗ್ರೆಲ್ ಮತ್ತು ಮೆಟ್‌ಫಾರ್ಮಿನ್ ಕೂಡ ಇವೆ. ಆದರೆ ಎರಡು ಮೂರನ್ನು ಬೆರೆಸಿ ಒಂದೇ ಮಾತ್ರೆ ಮಾಡಿದಾಗ, ಆ ಜೋಡಿ ಪಟ್ಟಿಯಲ್ಲಿ ಇಲ್ಲದಿದ್ದರೆ, ಬಿಡಿ ಮಾತ್ರೆಗಳ ಗರಿಷ್ಠ ಬೆಲೆ ಅದಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಬಿಡಿಬಿಡಿಯಾಗಿ ಬರೆಸಿಕೊಂಡರೆ ಎಷ್ಟೋ ಸಲ ಅರ್ಧ ಬೆಲೆಗೆ ಸಿಗುತ್ತವೆ. ನುಂಗಬೇಕಾದ ಮಾತ್ರೆಗಳ ಸಂಖ್ಯೆ ಹೆಚ್ಚುತ್ತದೆ ಎಂಬುದು ನಿಜ. ಮರೆವು ಇರುವ ಹಿರಿಯರಿಗೆ ಜೋಡಿ ಮಾತ್ರೆಯೇ ಮೇಲೆಂದು ವೈದ್ಯರು ಹೇಳಿದರೆ ಅದನ್ನೇ ಕೇಳಿ. ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ಬೆಲೆಗಳನ್ನು ಹೋಲಿಸಿ ನೋಡಬಹುದು.

ಎಂಪಾಗ್ಲಿಫ್ಲೋಜಿನ್ ಬಗ್ಗೆ ವಿಶೇಷವಾಗಿ ಹೇಳಬೇಕು. ಅದರ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅದಕ್ಕೂ ಮೊದಲು ಒಂದು ಮಾತ್ರೆಗೆ ಸುಮಾರು 60 ರೂಪಾಯಿ ಇತ್ತು. ಮುಗಿದ ಕೂಡಲೇ ಹಲವು ಭಾರತೀಯ ಕಂಪನಿಗಳು ತಯಾರಿಸತೊಡಗಿ, 10 ರೂಪಾಯಿಗಿಂತ ಕಡಿಮೆ ಬೆಲೆಗೂ ಸಿಗುವಂತಾಯಿತು. ನಿಮ್ಮ ಬಿಲ್ಲಿನ ಮೊತ್ತ ನೋಡಿದರೆ ಈಗಲೂ ಹಳೆಯ ಬ್ರ್ಯಾಂಡೇ ನಡೆಯುತ್ತಿರುವಂತಿದೆ. ಚೀಟಿ ಬರೆದ ಕಾಲದ ಬೆಲೆಯೇ ಶಾಶ್ವತವೆಂದು ಯಾರೂ ತಿಳಿಯಬಾರದು. ಸಕ್ಕರೆ ಕಾಯಿಲೆಯ ಇನ್ನೊಂದು ಔಷಧವಾದ ಸಿಟಾಗ್ಲಿಪ್ಟಿನ್‌ನ ಪೇಟೆಂಟ್ 2022ರಲ್ಲಿ ಮುಗಿದಾಗಲೂ ಹೀಗೆಯೇ ಆಯಿತು. ಅದೇ ವರ್ಷ ಜನೌಷಧಿಯಲ್ಲಿ 50 ಮಿಲಿಗ್ರಾಂನ ಹತ್ತು ಮಾತ್ರೆಗಳು 60 ರೂಪಾಯಿಗೆ ಬಂದವು.

ಒಂದು ಎಚ್ಚರಿಕೆ, ಇದನ್ನು ನಮ್ಮ ವೃತ್ತಿಯವರು ಬಾಯಿಬಿಟ್ಟು ಹೇಳುವುದು ಕಡಿಮೆ. ಸಾಮಾನ್ಯ ಅಂಗಡಿಗೆ ಹೋಗಿ ‘ಜೆನೆರಿಕ್ ಕೊಡಿ’ (ಹೆಸರಾಂತ ಬ್ರ್ಯಾಂಡಿನದಲ್ಲದ ಅದೇ ಔಷಧ) ಎಂದರೆ, ಕಂಪನಿಯು ಅಂಗಡಿಗೆ ಹತ್ತು ರೂಪಾಯಿಗೆ ಕೊಟ್ಟು ಮೇಲೆ ನೂರು ರೂಪಾಯಿ ಎಂಆರ್‌ಪಿ ಅಚ್ಚು ಹಾಕಿರುವ ಮಾಲು ಕೈಗೆ ಬರಬಹುದು. ಶೇ 20 ರಿಯಾಯಿತಿ ಕೊಟ್ಟೆವೆಂದರೂ ನೀವು ಕೊಡುವುದು 80 ರೂಪಾಯಿ. ರಿಯಾಯಿತಿ ಎಷ್ಟೆಂದು ಕೇಳುವ ಬದಲು ಒಂದು ಮಾತ್ರೆಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿ. ಮನೆ ಬಾಗಿಲಿಗೆ ತಂದುಕೊಡುವ ಆನ್‌ಲೈನ್ ಅಂಗಡಿಗಳಿಗೂ ಇದೇ ಮಾತು.

ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಇದ್ದರೆ ನಾವಾಗಿಯೇ ಬೇರೆ ಕಂಪನಿಯದನ್ನು ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ. ಆದ್ದರಿಂದ ವೈದ್ಯರ ಬಳಿಯೇ ಮೂಲ ಔಷಧದ ಹೆಸರನ್ನು ಬರೆಸಿಕೊಂಡು ಬನ್ನಿ. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಬಹುಪಾಲು ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಉತ್ತರ: ಕೋಲಾರದ ಗೃಹಿಣಿ

ಜೆನೆರಿಕ್ ಔಷಧವನ್ನು ನಂಬಬಹುದೇ ಎಂದು ಕೇಳಿದ್ದೀರಿ. ನನ್ನ ಯಜಮಾನರು ಹನ್ನೊಂದು ವರ್ಷಗಳಿಂದ ಅದರ ಮೇಲೆಯೇ ಬದುಕಿದ್ದಾರೆ. 2014ರಲ್ಲಿ ಅವರಿಗೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. ಇಮಾಟಿನಿಬ್ ಎಂಬ ಮಾತ್ರೆಯನ್ನು ಜೀವನವಿಡೀ ನುಂಗಬೇಕೆಂದರು. ವಿದೇಶಿ ಕಂಪನಿಯ ಮೂಲ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ, ನಮ್ಮ ದೇಶದ ಕಂಪನಿಗಳದ್ದಕ್ಕೆ 8,000ದಿಂದ 10,000 ರೂಪಾಯಿ ಎಂದು ಕೇಳಿದಾಗ ನನಗೆ ಮೊದಲು ಹುಟ್ಟಿದ್ದು ಸಂತೋಷವಲ್ಲ, ಅನುಮಾನ. ಇಷ್ಟು ಅಗ್ಗವಾದದ್ದು ಕೆಲಸ ಮಾಡೀತೇ ಎಂದು ಡಾಕ್ಟರನ್ನು ಮೂರು ಸಲ ಕೇಳಿದೆ. ಅವರು ಬೇಸರಿಸದೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿ ನೋಡೋಣ, ಅದೇ ಉತ್ತರ ಹೇಳುತ್ತದೆ ಎಂದರು. ಹಾಗೆಯೇ ಆಯಿತು.

ಆ ಬೆಲೆ ನಮಗೆ ದಕ್ಕಿದ್ದರ ಹಿಂದೆ ನ್ಯಾಯಾಲಯದ ಹೋರಾಟವಿತ್ತೆಂದು ಆಮೇಲೆ ತಿಳಿಯಿತು. ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಪ್ರಕಾರ, ತಿಳಿದಿರುವ ಔಷಧದ ರೂಪವನ್ನು ಮಾರ್ಪಡಿಸಿದ ಮಾತ್ರಕ್ಕೆ, ಅದರ ಗುಣ ಹೆಚ್ಚದಿದ್ದರೆ, ಹೊಸ ಪೇಟೆಂಟ್ ಸಿಗುವುದಿಲ್ಲ. ಇದೇ ಔಷಧದ ವಿಷಯದಲ್ಲಿ ನೊವಾರ್ಟಿಸ್ ಕಂಪನಿಯ ಮನವಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಆ ತೀರ್ಪು ಬರುವ ಹೊತ್ತಿಗೆ ನಮಗೆ ಈ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ. ಅದು ಬೇರೆಯಾಗಿ ಬಂದಿದ್ದರೆ ನಮ್ಮ ಎರಡೆಕರೆ ಹೊಲ ಎಷ್ಟು ತಿಂಗಳಿಗೆ ಸಾಲುತ್ತಿತ್ತೆಂದು ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ.

ಕ್ಯಾನ್ಸರ್ ರೋಗಿಗಳ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಆಸ್ಪತ್ರೆಯಲ್ಲಿರುವ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಭೇಟಿ ಮಾಡಿ. ಕಂಪನಿಗಳೇ ನಡೆಸುವ ನೆರವಿನ ಯೋಜನೆಗಳ ಅರ್ಜಿ ಅವರ ಬಳಿ ಇರುತ್ತದೆ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಉತ್ತರ: ಹೊನ್ನಾವರದ ಶಿಕ್ಷಕ

ಎಲ್ಲರೂ ಬದಲಾಯಿಸಿ ಎನ್ನುತ್ತಿದ್ದೀರಿ, ಆದರೆ ನಮ್ಮ ಅನುಭವ ಬೇರೆ. ಮೂರ್ಛೆ ರೋಗವಿರುವ ನನ್ನ ತಂಗಿಗೆ ಅಂಗಡಿಯವರು ಒಂದು ತಿಂಗಳು ಬೇರೆ ಕಂಪನಿಯ ಮಾತ್ರೆ ಕೊಟ್ಟರು. ಎರಡು ವರ್ಷ ಬಾರದಿದ್ದ ಮೂರ್ಛೆ ಮತ್ತೆ ಬಂತು. ಅಗ್ಗವೆಂದು ಹೋಗಿ ಅಪಾಯ ತಂದುಕೊಳ್ಳಬಾರದು.

ಉತ್ತರ: ತಾಲ್ಲೂಕು ವೈದ್ಯೆ

ಶಿಕ್ಷಕರೇ, ನಿಮ್ಮ ತಂಗಿಯವರಿಗೆ ಆದದ್ದು ಸುಳ್ಳಲ್ಲ, ನಿಮ್ಮ ಆತಂಕವೂ ಸರಿಯಾದದ್ದೇ. ಮೂರ್ಛೆಯ ಫೆನಿಟಾಯಿನ್, ಥೈರಾಯ್ಡ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮೂತ್ರಪಿಂಡ ಕಸಿಯಾದವರ ಟ್ಯಾಕ್ರೊಲಿಮಸ್ ಇಂತಹ ಕೆಲವು ಔಷಧಗಳ ಮಟ್ಟ ರಕ್ತದಲ್ಲಿ ಸ್ವಲ್ಪವೇ ಹೆಚ್ಚುಕಡಿಮೆಯಾದರೂ ತೊಂದರೆಯಾಗುತ್ತದೆ. ಇವುಗಳನ್ನು ಒಂದೇ ಕಂಪನಿಯದನ್ನು ಬಿಡದೆ ತೆಗೆದುಕೊಳ್ಳುವುದು ಉತ್ತಮ. ಬದಲಾಯಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ, ಮತ್ತೆ ರಕ್ತಪರೀಕ್ಷೆ ಮಾಡಿಸಬೇಕು. ಪ್ರಶ್ನೆ ಕೇಳಿದವರ ತಂದೆಯವರ ಚೀಟಿಯಲ್ಲಿ ಅಂತಹ ಔಷಧ ಒಂದೂ ಇಲ್ಲ. ಅವರ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಮೂರನ್ನೂ ಅಳೆದು ನೋಡಬಹುದು. ಬದಲಾಯಿಸಿದ ಒಂದು ತಿಂಗಳ ನಂತರ ಅಳೆದು, ಸರಿಯಿದ್ದರೆ ಮುಂದುವರಿಸಿದರಾಯಿತು. ಜನೌಷಧಿಗೆ ಬರುವ ಪ್ರತಿ ಬ್ಯಾಚನ್ನೂ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಕೇಂದ್ರಗಳಿಗೆ ಕಳುಹಿಸುವ ಕ್ರಮವಿದೆ. ನನ್ನ ತಾಯಿಯವರಿಗೂ ನಾನು ಬಿಪಿ ಮಾತ್ರೆ ತರುವುದು ಅಲ್ಲಿಂದಲೇ.

ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಆದೇಶವಾಗಿ, ವಿಷಯ ಹೈಕೋರ್ಟಿಗೆ ಹೋದದ್ದರಿಂದ ಎಲ್ಲ ಕೇಂದ್ರಗಳೂ ಮುಚ್ಚಿವೆಯೆಂದು ಕೆಲವರು ತಿಳಿದಿದ್ದಾರೆ. ಆದೇಶ ಪೇಟೆಬೀದಿಗಳಲ್ಲಿರುವ ಕೇಂದ್ರಗಳ ಕುರಿತಾದದ್ದಲ್ಲ. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಎಲ್ಲಿದೆ ಎಂದು ನೋಡಬಹುದು.

ಪ್ರಶ್ನೆ ಕೇಳಿದವರಿಂದ: ಶರಾವತಿ ತೀರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಅಪ್ಪನನ್ನು ಕರೆದುಕೊಂಡು ಹೃದ್ರೋಗ ತಜ್ಞರ ಬಳಿ ಹೋಗಿದ್ದೆ. ಮಾತ್ರೆ ತಪ್ಪಿಸಿದ್ದನ್ನು ಅಪ್ಪನೇ ತಲೆ ತಗ್ಗಿಸಿಕೊಂಡು ಹೇಳಿದರು. ವೈದ್ಯರು ಬಯ್ಯಲಿಲ್ಲ, ಇಸಿಜಿ ಮಾಡಿಸಿ, ಬೆಲೆಯ ವಿಷಯವನ್ನು ಮೊದಲೇ ಹೇಳಿದ್ದರೆ ಮೊದಲೇ ಬೇರೆ ಬರೆದುಕೊಡುತ್ತಿದ್ದೆನಲ್ಲ ಎಂದರು. ಜೋಡಿ ಮಾತ್ರೆಗಳನ್ನು ಬಿಡಿಸಿ ಮೂಲ ಔಷಧಗಳ ಹೆಸರಿನಲ್ಲೇ ಹೊಸ ಚೀಟಿ ಬರೆದರು, ವಿಟಮಿನ್ ಮಾತ್ರೆ ಬಿಟ್ಟು ಬಿ12 ಪರೀಕ್ಷೆಗೆ ಬರೆದರು. ಮೂರು ಔಷಧಗಳ ಆ ಕ್ಯಾಪ್ಸೂಲನ್ನು ಮಾತ್ರ ಒಂದು ವರ್ಷ ತುಂಬುವವರೆಗೆ ಹಾಗೆಯೇ ಇರಲಿ, ಇವರು ಈಗಾಗಲೇ ಒಮ್ಮೆ ತಪ್ಪಿಸಿದ್ದಾರೆ ಎಂದರು. ಆ ಮಾತು ನನಗೂ ಒಪ್ಪಿಗೆಯಾಯಿತು.

ಜನೌಷಧಿ ಕೇಂದ್ರದಲ್ಲಿ ನಾಲ್ಕು ಔಷಧಗಳು ಸಿಕ್ಕವು. ಉಳಿದವನ್ನು ಹೊರಗಿನ ಅಂಗಡಿಯಲ್ಲಿ, ಒಂದು ಮಾತ್ರೆಗೆ ಎಷ್ಟೆಂದು ಕೇಳಿಯೇ ಕೊಂಡೆ. ಎಲ್ಲ ಸೇರಿ 1,930 ರೂಪಾಯಿ ಆಯಿತು. ಬಿಲ್ಲನ್ನು ಅಪ್ಪನ ಕೈಗೇ ಕೊಟ್ಟೆ. ಎರಡು ಸಲ ಓದಿ, ಮಡಿಸಿ, ಜೇಬಿಗೆ ಇಟ್ಟುಕೊಂಡರು. ರಾತ್ರಿಯ ಮಾತ್ರೆಯನ್ನು ಅಮ್ಮ ನೆನಪಿಸುವ ಮೊದಲೇ ಕೇಳಿ ತೆಗೆದುಕೊಂಡರಂತೆ. ಮುಂದಿನ ತಿಂಗಳ ರಕ್ತಪರೀಕ್ಷೆಯ ವಿವರವನ್ನು ಇಲ್ಲಿಯೇ ಬರೆಯುತ್ತೇನೆ.