ಸಹಾಯ ಬೇಕು: ಬೆಟ್ಟದ ಮನೆಯಿಂದ ಅಮ್ಮ, ಮಗಳ ಜೊತೆ ಎಲ್ಲಿಗೆ ಹೋಗಬಹುದು?

ಮುಂದಿನ ವಾರ ನಾಲ್ಕು ದಿನಕ್ಕೆ ಬೆಟ್ಟದ ಮೇಲೆ ಮನೆ ಬಾಡಿಗೆಗೆ ಹಿಡಿದಿದ್ದೇವೆ. ಜೊತೆಗೆ ಅಮ್ಮ, ಆರು ವರ್ಷದ ಮಗಳು. ಅಮ್ಮನಿಗೆ ಹತ್ತೋದು ಪರವಾಗಿಲ್ಲ, ಇಳಿಯುವಾಗಲೇ ಮಂಡಿ ನೋವು.

ಕಳೆದ ಸಲ ಬೇರೆ ಕಡೆ ಮನೆ ಕೊಟ್ಟವರು ‘ಜಲಪಾತ ಎರಡೇ ಕಿಲೋಮೀಟರ್’ ಅಂದರು. ಅದರಲ್ಲಿ 300 ಮೀಟರ್ ಆಳಕ್ಕೆ ಇಳಿಯಬೇಕು ಅಂತ ಹೇಳಲೇ ಇಲ್ಲ! ವಾಪಸ್ ಬರುವಾಗ ಮಗಳು ನನ್ನ ಹೆಗಲ ಮೇಲೆ, ಅವಳ ಒದ್ದೆ ಶೂ ನನ್ನ ಎದೆಗೆ ಬಡಿಯುತ್ತಾ.

ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಒತ್ತೊತ್ತಾಗಿದ್ದರೆ ದಾರಿ ಕಡಿದು ಅಂತ ಗೊತ್ತು. ಆದರೆ ಮೆಟ್ಟಿಲಿದೆಯೋ, ಜಾರುವ ಮಣ್ಣೋ? ಅದನ್ನು ಮನೆ ಬಾಡಿಗೆಗೆ ಕೊಟ್ಟವರ ಹತ್ತಿರ ಹೇಗೆ ಕೇಳಿ ತಿಳಿಯೋದು? ಕೆರೆ ಸುತ್ತಿನ ಸಮತಟ್ಟಾದ ದಾರಿ ಸಾಕು, ಶಿಖರವೇ ಬೇಕು ಅಂತಿಲ್ಲ. ಅಮ್ಮನಿಗೆ ಊರುಗೋಲು ಒಂದು ಸಾಕಾ, ಎರಡು ಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.